ಮೊದಲು ನೀನು ಹೇಳು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಅಂತ ನಮ್ಮ ಶೆಡ್ಡಿನ ಹೆಂಗಸರು ಹೇಳುತ್ತಾರೆ. ಹೇಳಲಿ. ಇಪ್ಪತ್ತೆರಡು ವರ್ಷ ಆ ಮೂಗಿನಿಂದಲೇ ಅನ್ನ ತಿಂದವಳು ನಾನು. ಹೆಂಗಸರೇ ಸೇರಿ ಕಟ್ಟಿಕೊಂಡ ಕಡಲೆಕಾಯಿ ಕಂಪನಿ ನಮ್ಮದು. ಚೀಲ ಬಂತೆಂದರೆ ಚೂಪು ಕೊಳವೆ ಚುಚ್ಚಿ ಒಂದು ಹಿಡಿ ಕಾಯಿ ತೆಗೆಯಬೇಕು. ಒಡೆದು, ಬೀಜವನ್ನು ಎರಡೂ ಅಂಗೈ ಮಧ್ಯೆ ಮುಚ್ಚಿ, ಬಾಯಿಂದ ಬಿಸಿಯುಸಿರು ಊದಿ, ತಕ್ಷಣ ಮೂಸಬೇಕು. ಒಳಗೆ ಬೂಷ್ಟು ಹಿಡಿದಿದ್ದರೆ ಮುಗ್ಗಲು ವಾಸನೆ ಬರುತ್ತದೆ. ಅಂಥ ಒಂದು ಚೀಲ ಒಳಗೆ ಹೋದರೂ ಇಡೀ ರಾಶಿ ಕೆಟ್ಟಂತೆ. ಎಲ್ಲರೂ ನನ್ನನ್ನು ಮೂಗಕ್ಕ ಅನ್ನುತ್ತಿದ್ದರು, ನನಗೂ ಒಳಗೊಳಗೇ ಹೆಮ್ಮೆ.

ಮೂರು ವರ್ಷದ ಹಿಂದೆ ಗುಬ್ಬಿಯನ್ನು ನನ್ನ ಕೈಕೆಳಗೆ ತರಬೇತಿಗೆ ಹಾಕಿದರು. ಆ ಹೆಸರು ನಾನೇ ಇಟ್ಟದ್ದು. ಕಾಯಿ ಒಡೆಯುವಾಗ ಎರಡಕ್ಕೊಂದು ಬೀಜ ಅವಳ ಬಾಯಿಗೇ ಹೋಗುತ್ತಿತ್ತು. ಅವಳಮ್ಮ ಇದೇ ಶೆಡ್ಡಿನ ನೆಲದ ಮೇಲೆ ಕೂತು ಕಾಯಿ ಆರಿಸಿ ಆರಿಸಿ ಸೊಂಟ ಕಳೆದುಕೊಂಡವಳು. ಮಗಳು ನೆಲಕ್ಕೆ ಕೂರಬಾರದು ಅಂತ ನಾನೇ ಹಟ ಹಿಡಿದೆ. ಬೈದೆ, ತಪ್ಪು ಮಾಡಿದಾಗ ಕೈಗೊಂದು ಏಟು ಹಾಕಿದ್ದೂ ಉಂಟು. ಅವಳು ನಗುತ್ತಲೇ ಕಲಿತಳು. ಎರಡೇ ವರ್ಷಕ್ಕೆ ನನ್ನಷ್ಟೇ ಚೆನ್ನಾಗಿ ಮೂಸತೊಡಗಿದಳು.

ಹೋದ ಚಳಿಗಾಲದಲ್ಲಿ ನನಗೆ ಜ್ವರ ಬಂತು. ಜ್ವರ ಹೋಯಿತು, ಜೊತೆಗೆ ವಾಸನೆಯೂ ಹೋಯಿತು. ನಾಳೆ ಬಂದೀತು, ನಾಡಿದ್ದು ಬಂದೀತು ಅಂತ ಕಾದೆ. ಬರಲಿಲ್ಲ. ಅತ್ತರೆ ಕಾಣುತ್ತದೆ ಅಂತ ಅಳಲೂ ಇಲ್ಲ. ಶೆಡ್ಡಿನಲ್ಲಿ ಒಂದು ಉಪಾಯ ಮಾಡಿದೆ. ಹಿಡಿ ಬೀಜ ಮೊದಲು ಗುಬ್ಬಿಯ ಕೈಗೆ ಕೊಟ್ಟು, ಪರೀಕ್ಷೆ ಮಾಡುವವಳ ಗತ್ತಿನಲ್ಲಿ, "ಮೊದಲು ನೀನು ಹೇಳು ನೋಡೋಣ" ಅನ್ನುತ್ತಿದ್ದೆ. ಅವಳು ಹೇಳುತ್ತಿದ್ದಳು. ಆಮೇಲೆ ನಾನೂ ಮೂಸಿದಂತೆ ಮಾಡಿ "ಸರಿ" ಅನ್ನುತ್ತಿದ್ದೆ. ಎಂಟು ತಿಂಗಳು ಹೀಗೇ ನಡೆಯಿತು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ.

ಅಷ್ಟರಲ್ಲಿ ಖರೀದಿ ಮೇಲ್ವಿಚಾರಕರ ಹುದ್ದೆ ಖಾಲಿಯಾಯಿತು. ಕಂಪನಿಯ ಆರು ಖರೀದಿ ಕೇಂದ್ರಗಳೂ ಅವರ ಕೈಕೆಳಗೆ, ಓಡಾಡಲು ಜೀಪು. ಹೆಂಗಸರ ಕಂಪನಿ ಅಂತ ಹೆಸರಿಗಷ್ಟೇ, ಆ ಕುರ್ಚಿಯಲ್ಲಿ ಒಬ್ಬ ಹೆಂಗಸೂ ಕೂತಿರಲಿಲ್ಲ. ಹಿಂದಿನವನು ಹದಿನಾಲ್ಕು ವರ್ಷ ಅಲ್ಲಾಡದೆ ಕೂತಿದ್ದ. ಗುಬ್ಬಿ ಎರಡು ವರ್ಷದಿಂದ ರಜೆಯ ದಿನ ಜೀಪು ಓಡಿಸಲು ಕಲಿಯುತ್ತಿದ್ದದ್ದೇ ಇದಕ್ಕಾಗಿ. ಅರ್ಜಿ ಹಾಕು ಅಂತ ನಾನೇ ಬೆನ್ನು ಹತ್ತಿ ಹಾಕಿಸಿದೆ. ಈಗ ನಿಜ ಹೇಳುತ್ತೇನೆ: ಬಾಯಲ್ಲಿ ಒಳ್ಳೆಯದಾಗಲಿ ಅಂದರೂ, ಇವಳು ಹೋದರೆ ನನ್ನ ಗತಿಯೇನು ಎಂಬ ಭಯ ಇತ್ತು. ದಿನಗಳು ಕಳೆದವು. ಏನಾಯಿತೇ ಅಂತ ಕೇಳಿದರೆ, ಇನ್ನೂ ಏನೂ ತಿಳಿದಿಲ್ಲ ಅಂದಳು. ನನಗೆ ಸಮಾಧಾನವಾಯಿತು. ಆ ಸಮಾಧಾನ ನೆನೆದರೆ ಈಗ ನನ್ನ ಮೇಲೆ ನನಗೇ ಅಸಹ್ಯ.

ಮೊನ್ನೆ ಮ್ಯಾನೇಜರ್ ಮೇಡಂ ನನ್ನನ್ನು ಆಫೀಸಿಗೆ ಕರೆಸಿದರು. ಮುಖ ಗಂಟಿಕ್ಕಿಕೊಂಡಿತ್ತು. ಇಷ್ಟು ವರ್ಷ ಏನು ತರಬೇತಿ ಕೊಟ್ಟಿರಿ ಅಂತ ಕೇಳಿದರು. ನನಗೆ ಅರ್ಥವಾಗಲಿಲ್ಲ. ಆಗ ಒಂದು ಪತ್ರ ಓದಿ ಹೇಳಿದರು. ಆ ಹುದ್ದೆಗೆ ಮೊದಲು ಆರಿಸಿದ್ದು ಗುಬ್ಬಿಯನ್ನೇ. ಒಪ್ಪಿಗೆ ತಿಳಿಸಲು ಹತ್ತು ದಿನ ಕೊಟ್ಟಿದ್ದರು. ಹತ್ತನೆಯ ದಿನ ಅವಳು ಬೇಡವೆಂದು ಬರೆದುಕೊಟ್ಟಿದ್ದಳು. "ನನ್ನ ತರಬೇತಿ ಇನ್ನೂ ಮುಗಿದಿಲ್ಲ, ಈಗಲೂ ಪ್ರತಿ ಚೀಲಕ್ಕೂ ಅಕ್ಕ ನನ್ನ ತಪ್ಪು ತಿದ್ದುತ್ತಾರೆ, ಅವರಿಲ್ಲದೆ ನನ್ನಿಂದಾಗದು." ಅವಳದೇ ದುಂಡು ಅಕ್ಷರ.

ನಿಂತಲ್ಲೇ ಎಲ್ಲಾ ಹೇಳಿದೆ. ಎಂಟು ತಿಂಗಳಿಂದ ಈ ಶೆಡ್ಡಿನಲ್ಲಿ ಇರುವುದು ಒಂದೇ ಮೂಗು, ಅದು ನನ್ನದಲ್ಲ ಅಂದೆ. ನನ್ನನ್ನು ತೆಗೆದುಹಾಕಿ, ಅವಳನ್ನು ಅಲ್ಲಿಗೆ ಕಳಿಸಿ ಅಂತ ಕೈಮುಗಿದೆ. ಮೇಡಂ ಪತ್ರ ಮಡಿಸಿಟ್ಟರು. ಪಟ್ಟಿಯಲ್ಲಿದ್ದ ಎರಡನೆಯವನಿಗೆ ಆದೇಶ ಹೋಗಿದೆ, ಬೆಳಿಗ್ಗೆಯೇ ಬಂದು ಸೇರಿಕೊಂಡಿದ್ದಾನೆ ಅಂದರು. ನನಗೆ ಈ ವಾರವೇ ಕೊನೆ. ನನ್ನ ಜಾಗಕ್ಕೆ ಗುಬ್ಬಿ.

ಶೆಡ್ಡಿಗೆ ಬಂದೆ. ಅವಳು ಚೀಲದ ಬಾಯಿ ಹೊಲಿಯುತ್ತಿದ್ದಳು. ಕೋಪ ಮಾಡಿಕೊಳ್ಳೋಣವೆಂದರೆ ಅವತ್ತು ಅದೂ ಬರಲಿಲ್ಲ.

"ಯಾವತ್ತಿಂದ ಗೊತ್ತೇ ನಿಂಗೆ?"

"ಸೀಮೆಎಣ್ಣೆ ಚೆಲ್ಲಿದ್ದ ಚೀಲ ಮೂಸಿ ಚೆನ್ನಾಗಿದೆ ಅಂದ್ರಲ್ಲ ಅಕ್ಕ, ಅವತ್ತಿಂದ."

ಅದು ಜ್ವರ ಬಿಟ್ಟ ಮೊದಲ ವಾರ. ಅಂದರೆ ಅಷ್ಟೂ ತಿಂಗಳು ನಾನು ಗತ್ತಿನಿಂದ "ಸರಿ" ಅಂದಾಗಲೆಲ್ಲ, ಇವಳು ವಿದ್ಯಾರ್ಥಿನಿಯ ಹಾಗೆ ತಲೆ ತಗ್ಗಿಸಿ ನಿಲ್ಲುತ್ತಿದ್ದದ್ದು ನನ್ನ ಮರ್ಯಾದೆಗಾಗಿ.

"ಒಂದು ಮಾತು ಹೇಳಬಾರದಿತ್ತಾ?"

"ನಾನು ಹೇಗೆ ಹೇಳ್ಲಿ? ನೀವೇ ಹೇಳ್ತೀರಿ ಅಂತ ಕಾದೆ." ಅವಳು ದಬ್ಬಣ ಕೆಳಗಿಟ್ಟಳು. "ಆಯ್ಕೆಯ ಪತ್ರ ಬಂದ ಮೇಲೂ ಹತ್ತು ದಿನ ಕಾದೆ ಅಕ್ಕ. ನೀವು ಹೇಳಿದ್ರೆ ಹೋಗಬಹುದಿತ್ತು."

ಆ ಹತ್ತು ದಿನಗಳಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೆ ನಾವಿಬ್ಬರೂ ಒಂದೇ ಮೇಜಿನ ಎದುರು ಬದುರು ಕೂತಿದ್ದೆವು. ಆ ಕುರ್ಚಿ ಮತ್ತೆ ಯಾವಾಗ ಖಾಲಿಯಾದೀತು ಅಂತ ಲೆಕ್ಕ ಹಾಕುತ್ತಾ, ಹೊಸದಾಗಿ ಬಂದವನಿಗೆ ಎಷ್ಟು ವಯಸ್ಸು ಅಂತ ಕೇಳಿದೆ. ಮೂವತ್ತು ಅಂದಳು.