ಕೆಳತೊಟ್ಟಿಯ ತೂಬು

ಶವಪೆಟ್ಟಿಗೆ ಜಾರುತ್ತಿತ್ತು. ಕ್ಲೆಮ್ ಅದಕ್ಕೆ ಭುಜ ಕೊಟ್ಟು, ಹಿಂದಿನ ಕಾಲನ್ನು ದೋಣಿಯ ಪಕ್ಕೆಗೆ ಒತ್ತಿ, ಹಲ್ಲು ಕಚ್ಚಿ ನಿಂತಿದ್ದ. ಪೆಟ್ಟಿಗೆಯ ಕೆಳಗಿದ್ದ ಎರಡು ಬೆಂಚುಗಳಲ್ಲಿ ಒಂದು ಆಗಲೇ ಮಗುಚಿಬಿದ್ದಿತ್ತು.

"ತಾಳೇ ವಿನ್ನಿ, ತಾಳು," ಎಂದ. ಹೆಂಡತಿ ಸತ್ತು ಎರಡು ವಾರವಾಗಿದ್ದರೂ ಅವಳ ಹತ್ತಿರ ಮಾತಾಡುವ ಅಭ್ಯಾಸ ಬಿಟ್ಟಿರಲಿಲ್ಲ.

ಅವಳನ್ನು ಕೊನೆಯ ರಾತ್ರಿ ಮನೆಯಲ್ಲೇ ಇಟ್ಟುಕೊಳ್ಳುತ್ತೇನೆಂದು ಹಟ ಹಿಡಿದು ಆಸ್ಪತ್ರೆಯ ಶವಾಗಾರದಿಂದ ತರಿಸಿಕೊಂಡಿದ್ದ. ಮನೆಯೆಂದರೆ ಈ ದೋಣಿಯೇ. ಉದ್ದಕ್ಕೆ, ಸಣ್ಣಗೆ, ಹಿಂದೆ ಒಂದು ಕೋಣೆ, ಮುಂದೆ ಇಬ್ಬರೂ ಐವತ್ತು ವರ್ಷ ಕಲ್ಲಿದ್ದಲು ಮಾರಿದ ಜಾಗ. ಆ ಕಲ್ಲಿದ್ದಲಿನ ಜಾಗವನ್ನು ತೊಳೆದು, ಟಾರ್ಪಾಲು ಕಟ್ಟಿ, ಅವಳನ್ನು ಮಲಗಿಸಿದ್ದ. ಈಗ ನೋಡಿದರೆ ದೋಣಿ ಎಡಕ್ಕೆ ವಾಲಿ ಕೂತಿದೆ. ಪಕ್ಕದ ದೋಣಿಗಳಿಂದ ತಟ್ಟೆ ಬಟ್ಟಲು ಒಡೆಯುವ ಸದ್ದು, ಬೈಗುಳ.

ಟಾರ್ಪಾಲು ಸರಿಸಿ ರೋರಿ ಒಳಗೆ ನುಗ್ಗಿದ. ಮೊಣಕಾಲಿನವರೆಗೆ ಕರಿಕೆಸರು, ಮೇಲೆ ರಾತ್ರಿಯ ಅಂಗಿ. ಮೂರನೇ ದೋಣಿಯವನು, ಬಸ್ಸು ಓಡಿಸುವುದನ್ನು ಬಿಟ್ಟು ಹೆಂಡತಿಯೊಂದಿಗೆ ನೀರಿಗೆ ಬಂದು ನಾಲ್ಕು ವರ್ಷವಾಗಿತ್ತು.

"ಹಿಡ್ಕೊಂಡೆ, ಹಿಡ್ಕೊಂಡೆ. ನೀನು ಬೆಂಚು ಕೊಡು ಕ್ಲೆಮ್."

ಇಬ್ಬರೂ ಸೇರಿ ಪೆಟ್ಟಿಗೆಯನ್ನು ನೆಲಕ್ಕಿಳಿಸಿ, ಎರಡು ಕಲ್ಲಿದ್ದಲಿನ ಚೀಲ ಆನಿಸಿದರು.

"ಏನಾಯ್ತೋ?"

"ಏನಾಯ್ತು ಅಂತೀಯ! ಮಡು ಖಾಲಿ. ಹೊರಗೆ ಬಂದು ನೋಡು."

ಕಾಲುವೆ ಆ ಗುಡ್ಡವನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಒಂದೊಂದು ಮೆಟ್ಟಿಲಿಗೂ ಎರಡು ಕಡೆ ಗೇಟಿರುವ ಒಂದು ಕಲ್ಲಿನ ತೊಟ್ಟಿ. ತೂಬು ಎತ್ತಿ ತೊಟ್ಟಿಗೆ ನೀರು ತುಂಬಿಸಬೇಕು, ದೋಣಿಯನ್ನು ಒಳಗೆ ತಂದು ನೀರು ಇಳಿಸಬೇಕು, ಮುಂದಕ್ಕೆ ಹೋಗಬೇಕು. ಎರಡು ತೊಟ್ಟಿಗಳ ನಡುವೆ ನಿಂತ ನೀರೇ ಮಡು. ನಿನ್ನೆ ಸಂಜೆ ಸೊಂಟಮಟ್ಟ ನೀರಿದ್ದ ಮಡುವಿನಲ್ಲಿ ಈಗ ಕೆಸರು, ಒಂದು ಹಳೆಯ ಸೈಕಲ್ಲು, ಬಾಯಿ ಬಿಡುತ್ತಿರುವ ಮೀನು. ಐದೂ ದೋಣಿಗಳು ಒಂದೊಂದು ದಿಕ್ಕಿಗೆ ಹೊಟ್ಟೆ ತೋರಿಸಿಕೊಂಡು ಬಿದ್ದಿದ್ದವು.

ಜೂನ್‌ನಲ್ಲೇ ಕಾಲುವೆ ಮುಚ್ಚಿದ್ದರು. ಮಳೆಯಿಲ್ಲ, ಮೇಲಿನ ಕೆರೆಯಲ್ಲಿ ನೀರಿಲ್ಲ. ಇದ್ದವರು ಇದ್ದಲ್ಲೇ ನಿಂತರು. ಕುಡಿಯುವ ನೀರನ್ನು ಕೈಗಾಡಿಯಲ್ಲಿ ಕ್ಯಾನು ತುಂಬಿ ತರುವುದು, ಸ್ನಾನಕ್ಕೆ ಪಾಳಿ, ಪಾತ್ರೆ ತೊಳೆದ ನೀರು ಹೂಕುಂಡಕ್ಕೆ. ಆಸ್ಪತ್ರೆಗೆ ಹೋಗುವ ಹಿಂದಿನ ದಿನದವರೆಗೂ ವಿನ್ನಿ ಆ ಕೈಗಾಡಿ ತಳ್ಳಿದ್ದಳು. ಆಸ್ಪತ್ರೆಯಲ್ಲಿ ಕ್ಲೆಮ್‌ನ ಕೈಹಿಡಿದು, "ನನ್ನ ರಸ್ತೆ ಮೇಲೆ ಮಾತ್ರ ತಗೊಂಡ್ಹೋಗ್ಬೇಡ ಕಣೋ. ನೀರ ಮೇಲೆ ಹುಟ್ಟಿದೋಳು, ನೀರ ಮೇಲೇ ಹೋಗ್ತೀನಿ," ಅಂದಿದ್ದಳು. ಕಾಲುವೆ ಕಚೇರಿಯವರು ಅವಳಿಗೋಸ್ಕರ ಒಪ್ಪಿಕೊಂಡರು: ಒಂದೇ ದೋಣಿ, ಒಂದೇ ದಿನ, ಕೆಳತೊಟ್ಟಿ ದಾಟಿ ಚರ್ಚಿನ ಕಟ್ಟೆಯವರೆಗೆ. ಒಂದು ತೊಟ್ಟಿ ನೀರು, ಅಷ್ಟೇ.

ಅದೂ ಈಗ ಹೋಯಿತು.

ಕಾಲುವೆ ಕಚೇರಿಯ ಟ್ರೆವರ್ ದಡದ ಮೇಲೆ ಓಡಿಬಂದ. ಮಣ್ಣು ಮಾಡುವ ದಿನವೆಂದು ಕಪ್ಪು ಟೈ ಕಟ್ಟಿಕೊಂಡಿದ್ದ, ಕೈಯಲ್ಲಿ ತೂಬು ತಿರುಗಿಸುವ ಹ್ಯಾಂಡಲು.

"ಕೆಳತೊಟ್ಟಿ ತೂಬು ಒಂದು ಗೇಣು ಮೇಲಿತ್ತು. ರಾತ್ರಿಯೆಲ್ಲ ಸುರಿದಿದೆ. ತೊಟ್ಟಿಯ ಕೆಳಗಿನ ಗೇಟಂತೂ ಜರಡಿ. ಈಗ ಮುಚ್ಚಿ ಬಂದೆ. ಯಾರು ಮುಟ್ಟಿದ್ರು ಅದನ್ನ?"

"ನಾನೇ ಮುಟ್ಟಿದ್ದು," ಎಂದ ಕ್ಲೆಮ್. "ನಿನ್ನೆ ಸಂಜೆ ಹೋಗಿ ತೊಟ್ಟಿ ತುಂಬಿಸಿಟ್ಟೆ. ಬೆಳಿಗ್ಗೆ ಅವಳನ್ನ ಕಾಯಿಸ್ಬಾರ್ದು ಅಂತ. ಆದ್ರೆ ಮುಚ್ಚಿ ಬಂದಿದೀನಿ. ಬಿಗಿಯಾಗಿ ಮುಚ್ಚಿದೀನಿ. ನನಗೆ ಹೇಳ್ಕೊಡೋಕೆ ಬರ್ಬೇಡಿ, ನಮ್ಮಪ್ಪನ ಕಾಲದಿಂದ ಇದೇ ಕೆಲಸ."

"ಹಾಗಾದ್ರೆ ಆಮೇಲೆ ಯಾರೋ..."

ಕ್ಲೆಮ್‌ಗೆ ಮೈಯೆಲ್ಲ ಉರಿಯುತ್ತಿತ್ತು. ಅವನ ಕಣ್ಣು ರೋರಿಯ ಮೇಲೆ ಬಿತ್ತು. "ನೀನು ಸಂಜೆ ಆ ಕಡೆ ವಾಕಿಂಗ್ ಹೋಗಿದ್ದೆ. ನಾನು ನೋಡ್ದೆ."

"ಹೋಗಿದ್ದೆ. ಅದಕ್ಕೆ?"

"ಅದಕ್ಕೆ ಅಂತ ಕೇಳ್ತೀಯಾ? ನಿನ್ನೆ ಮೊನ್ನೆ ನೀರಿಗಿಳಿದೋರು ನೀವು. ಕೈ ಸುಮ್ನಿರಲ್ಲ. ಹಿಡಿದು ನೋಡೋಣ, ತಿರುಗ್ಸಿ ನೋಡೋಣ. ನನ್ನ ಹೆಂಡ್ತಿ ಕೊನೇ ಪಯಣಕ್ಕೆ ಮಣ್ಣು ಹಾಕ್ದೆ ನೀನು!"

"ನನ್ನ ಮನೇನ ನಾನೇ ಮಗುಚ್ಕೊಳ್ಳೋಕೆ ನನಗೇನು ತಲೆ ಕೆಟ್ಟಿದ್ಯಾ ಮಾರಾಯ? ಒಳಗೆ ಹೋಗಿ ನೋಡು, ಒಂದು ಬಟ್ಟಲು ಉಳಿದಿಲ್ಲ," ಎಂದ ರೋರಿ. ಮುಖ ಕೆಂಪಾಗಿತ್ತು. ಆದರೆ ಮುಂದೆ ಏನನ್ನೋ ಹೇಳಲು ಹೋಗಿ ಬಾಯಿ ಮುಚ್ಚಿಕೊಂಡ. ಹಾಗೆ ಬಾಯಿ ಮುಚ್ಚಿಕೊಂಡದ್ದನ್ನು ಕ್ಲೆಮ್ ತಪ್ಪಿತಸ್ಥನ ಲಕ್ಷಣ ಎಂದುಕೊಂಡ.

"ನೋಡಿ, ಮಾತಿಲ್ಲ ಈಗ!"

ಆಗ ಡಾಟ್ ತಡೆಯಲಾರದೆ ಹೋದಳು. ವಿನ್ನಿಯ ಗೆಳತಿ, ಪಕ್ಕದ ದೋಣಿಯ ವಿಧವೆ, ನಾಲಿಗೆ ಸ್ವಲ್ಪ ಮುಂದು.

"ಅವನ್ನ ಬಿಡು ಕ್ಲೆಮ್. ನೀನು ಮುಚ್ಚಿ ಬಂದ್ಮೇಲೆ ಯಾರು ನೋಡಿದ್ರು?"

"ಯಾರು ಯಾಕೆ ನೋಡ್ಬೇಕು?"

"ವಿನ್ನಿ ನೋಡ್ತಿದ್ಲು."

ಡಾಟ್‌ಗೇ ತಾನು ಆಡಿದ ಮಾತು ಬೇಡವಾಗಿತ್ತು. ಏಪ್ರನ್ನಿನ ಅಂಚು ಹಿಡಿದು ಹಿಂಡಿದಳು.

"ಇಲ್ಲಿಯ ತೂಬು ಎಲ್ಲ ಹಳೇವು," ಎಂದಳು ಮೆಲ್ಲಗೆ. "ಪೂರ್ತಿ ಇಳಿಯೋಕೆ ಮೊದ್ಲೇ ಸಿಕ್ಕೊಂಡು ಬಿಗಿಯಾಗ್ತವೆ. ಬಿಗಿಯಾಯ್ತು ಅಂದ್ರೆ ಮುಚ್ಚಿತು ಅಂತ ನೀನು ನಡೆದುಬಿಡ್ತೀಯ. ಅವಳು ಹಿಂದಿನಿಂದ ಹೋಗಿ ಹಿಮ್ಮಡೀಲಿ ಒದ್ದು ಕೂರಿಸಿ ಬರ್ತಿದ್ಲು."

"ಯಾವಾಗ?"

"ಯಾವಾಗ್ಲೂನೂ."

"ಇಲ್ಲ. ಅವಳು ಬೆರಿ ಹಣ್ಣು ಕೀಳೋಕೆ ಹೋಗ್ತಿದ್ಲು."

"ಮಾರ್ಚ್ ತಿಂಗಳಲ್ಲಿ ಎಲ್ಲಿಯ ಬೆರಿ, ಕ್ಲೆಮ್?"

*

ಅದೂ ಒಂದು ಬರದ ಬೇಸಗೆ. ಆಗಿನ್ನೂ ಇಬ್ಬರಿಗೂ ತಲೆ ನರೆತಿರಲಿಲ್ಲ. ಒಂಟಿ ದೋಣಿಯನ್ನು ತೊಟ್ಟಿಗೆ ಬಿಡುತ್ತಿರಲಿಲ್ಲ. ಎರಡು ದೋಣಿ ಜೊತೆಯಾಗುವವರೆಗೆ ಕಾಯಬೇಕು, ಒಂದೇ ನೀರಿನಲ್ಲಿ ಇಬ್ಬರೂ ಇಳಿಯಬೇಕು. ದಡದ ಮೇಲೆ ಸಾಲುಗಟ್ಟಿದ ಜನ, ಹರಟೆ, ಟೀ. ಕ್ಲೆಮ್ ತೂಬು ಮುಚ್ಚಿ, ಹ್ಯಾಂಡಲನ್ನು ಬೆಲ್ಟಿಗೆ ಸಿಕ್ಕಿಸಿಕೊಂಡು, ಎಲ್ಲರೂ ನೋಡುವ ಹಾಗೆ ನಡೆದುಬಂದಿದ್ದ. ವಿನ್ನಿ ಅವನನ್ನು ದಾಟಿ ತೂಬಿನ ಹತ್ತಿರ ಹೋಗಿ ಬಗ್ಗಿ ನೋಡಿದಳು.

"ಏನು ನೋಡ್ತಿದೀಯ?"

"ಏನಿಲ್ಲ. ಪೂರ್ತಿ ಕೂತಿದ್ಯೋ ಇಲ್ವೋ ಅಂತ..."

"ಹುಟ್ಟಿದಾಗಿನಿಂದ ಇದೇ ಮಾಡ್ತಿದೀನಿ! ಹತ್ತು ಜನರ ಎದುರಿಗೆ ನನ್ನ ಮರ್ಯಾದೆ ತೆಗೀತೀಯಲ್ಲೇ? ನಾನೇನು ಎಳೇ ಮಗುವಾ ಹಿಂದೆ ಹಿಂದೆ ಬರೋಕೆ? ಇನ್ನೊಂದ್ಸಲ ನನ್ನ ಹಿಂದೆ ಬಂದು ನೋಡಿದ್ಯೋ, ಈ ಹ್ಯಾಂಡಲು ನೀನೇ ಹಿಡ್ಕೊ. ನಾನು ಲಾರಿ ಓಡಿಸ್ಕೊಂಡು ಬದುಕ್ತೀನಿ."

ಸಾಲಿನಲ್ಲಿದ್ದ ಯಾರೋ ಗಂಡಸು ನಕ್ಕ. ವಿನ್ನಿ ಕೆಂಪಾಗಿ ಹಿಂದಕ್ಕೆ ಸರಿದಳು. ಆ ದಿನ ಸಂಜೆ ಅಡುಗೆ ಮಾಡುವಾಗಲೂ ಆ ಮಾತು ಎತ್ತಲಿಲ್ಲ. ಮತ್ತೆಂದೂ ಅವನೆದುರಿಗೆ ತೂಬಿನ ಹತ್ತಿರ ಬಗ್ಗಲಿಲ್ಲ.

ಆದರೆ ಅಲ್ಲಿಂದ ಮುಂದೆ ಅವಳಿಗೆ ಮರೆವು ಶುರುವಾಯಿತು. ದೋಣಿ ತೊಟ್ಟಿ ದಾಟಿ ನಾಲ್ಕು ಮಾರು ಹೋಗುವಷ್ಟರಲ್ಲಿ, "ಅಯ್ಯೋ, ನನ್ನ ಸ್ಕಾರ್ಫು," "ಅಯ್ಯೋ, ಅಲ್ಲಿ ಅಣಬೆ ನೋಡಿದ್ದೆ," "ನೀನು ಹೋಗ್ತಿರು, ಬೆರಿ ಕಿತ್ಕೊಂಡು ಬಂದೆ." ದಡದ ಮೇಲೆ ಓಡಿಹೋಗಿ ಏದುಸಿರು ಬಿಡುತ್ತಾ ಬಂದು ಮುಂದಿನ ಸೇತುವೆಯಲ್ಲಿ ಹತ್ತಿಕೊಳ್ಳುತ್ತಿದ್ದಳು. ಮಂಡಿ ನೋವು ಬಂದಮೇಲೂ ಅದು ನಿಲ್ಲಲಿಲ್ಲ. ಕ್ಲೆಮ್ ಅದನ್ನೇ ಪಬ್ಬಿನಲ್ಲಿ ಕತೆ ಮಾಡಿ ಹೇಳುತ್ತಿದ್ದ. "ನಮ್ಮನೆಯವಳು ತನ್ನ ತಲೇನ ಒಂದೊಂದು ತೊಟ್ಟೀಲೂ ಚೂರುಚೂರು ಬಿಟ್ಟು ಬಂದಿದಾಳೆ!" ಎಲ್ಲರೂ ಮೇಜು ಗುದ್ದಿ ನಗುತ್ತಿದ್ದರು. ವಿನ್ನಿಯೂ ನಗುತ್ತಿದ್ದಳು. ಆ ನಗು ಯಾರ ಮೇಲಿನದೆಂದು ಅವನಿಗೆ ಒಮ್ಮೆಯೂ ಅನುಮಾನ ಬಂದಿರಲಿಲ್ಲ.

*

ಭೂಮಿ ಬಾಯಿ ಬಿಟ್ಟಿದ್ದರೆ ಕ್ಲೆಮ್ ಆಗಲೇ ಒಳಗಿಳಿದುಬಿಡುತ್ತಿದ್ದ. ಎದುರಿಗೆ ನಿಂತವರ ಮುಖಗಳನ್ನು ಒಂದೊಂದಾಗಿ ನೋಡಿದ. ಎಲ್ಲರಿಗೂ ಗೊತ್ತಿತ್ತು. ಟ್ರೆವರ್‌ಗೆ ಗೊತ್ತಿತ್ತು. ನಿನ್ನೆ ಮೊನ್ನೆ ನೀರಿಗಿಳಿದ ರೋರಿಗೂ ಗೊತ್ತಿತ್ತು. ಅದಕ್ಕೇ ಅವನು ಬಾಯಿ ಮುಚ್ಚಿಕೊಂಡದ್ದು. ಮಣ್ಣು ಮಾಡುವ ದಿನ ಮುದುಕನ ಮಾನ ಕಳೆಯುವುದು ಬೇಡವೆಂದು ಬೈಸಿಕೊಂಡು ನಿಂತಿದ್ದ.

ಕ್ಷಮಿಸು ಅನ್ನಬೇಕಿತ್ತು. ಅದರ ಬದಲು ಅಂಗೈಗೆ ಹತ್ತಿದ ಕಲ್ಲಿದ್ದಲಿನ ಮಸಿಯನ್ನು ಪ್ಯಾಂಟಿಗೆ ಒರೆಸಿಕೊಂಡ.

ಟ್ರೆವರ್ ಕೆಮ್ಮಿದ. "ಮೇಲಿನ ಮಡುವಿಂದ ನೀರು ಬಿಡ್ತೀನಿ ಕ್ಲೆಮ್. ಕೆರೆ ಬತ್ತಿದೆ, ಇರೋದೇ ಅಷ್ಟು, ಆದ್ರೂ ಬಿಡ್ತೀನಿ. ಹೇಗೂ ದೋಣಿಗಳನ್ನ ಎಬ್ಬಿಸ್ಲೇಬೇಕು. ಆದ್ರೆ ಮಧ್ಯಾಹ್ನ ಆಗತ್ತೆ. ಅದರ ಮೇಲೆ ವಿನ್ನಿಗೆ ಅಂತ ಇನ್ನೊಂದು ತೊಟ್ಟಿ ನೀರು... ಪಾದ್ರಿಗಳಿಗೆ ಹೇಳಿ ನಾಳೆಗೆ ಮುಂದೂಡಿಸಿದ್ರೆ, ಮೇಲಿನವರನ್ನ ಕೇಳಿ ನೋಡ್ತೀನಿ."

"ಕೇಳು," ಎಂದಳು ಡಾಟ್. "ಅವಳ ಆಸೆ ಅದೊಂದೇ ಇದ್ದಿದ್ದು."

ಕ್ಲೆಮ್ ವಾಲಿದ ದೋಣಿಗಳನ್ನು ನೋಡಿದ. ರೋರಿಯ ಹೆಂಡತಿ ಒಡೆದ ಚೂರುಗಳನ್ನು ಬಕೆಟ್ಟಿಗೆ ತುಂಬಿ ಕಿಟಕಿಯಿಂದ ಕೆಳಗಿಳಿಸುತ್ತಿದ್ದಳು. ಬೇಸಗೆಯೆಲ್ಲ ತಲೆಯ ಮೇಲೆ ಒಂದು ಚೊಂಬು ನೀರು ಹೆಚ್ಚು ಸುರಿದುಕೊಳ್ಳದೆ ಕಾಪಾಡಿಕೊಂಡಿದ್ದ ಮಡು. ಅದನ್ನು ಒಂದು ರಾತ್ರಿಯಲ್ಲಿ ಬರಿದು ಮಾಡಿ, ಈಗ ಮತ್ತೊಂದು ತೊಟ್ಟಿ ಕೊಡಿ ಎಂದು ಯಾವ ಮುಖ ಇಟ್ಟುಕೊಂಡು ಕೇಳುವುದು? ವಿನ್ನಿ ಕೇಳುತ್ತಿದ್ದಳೇ?

"ಬೇಡ," ಎಂದ. "ಹೊತ್ಕೊಂಡು ಹೋಗೋಣ. ರಸ್ತೆ ಬೇಡ, ದಡದ ಮೇಲೇ." ಆಮೇಲೆ ಯಾರ ಮುಖವನ್ನೂ ನೋಡದೆ, "ನೀವು ಹೊರ್ತೀರಿ ಅಂದ್ರೆ," ಎಂದು ಸೇರಿಸಿದ.

ಹೊರುವುದಿಲ್ಲವೆಂದು ಯಾರೂ ಅನ್ನಲಿಲ್ಲ. ದೋಣಿಗೂ ದಡಕ್ಕೂ ನಡುವೆ ಕೆಸರು. ಐದೂ ದೋಣಿಗಳವರು ತಮ್ಮ ತಮ್ಮ ದೋಣಿ ಹತ್ತುವ ಹಲಗೆ ತಂದು ಜೋಡಿಸಿದರು. ಕಪ್ಪು ಕೋಟಿನ ಕೆಳಗೆ ರಬ್ಬರ್ ಬೂಟು ತೊಟ್ಟ ಆರು ಜನ ವಿನ್ನಿಯನ್ನು ಅದರ ಮೇಲೆ ದಾಟಿಸಿದರು. ಮುಂದಿನ ಎಡಭಾಗಕ್ಕೆ ರೋರಿ ಹೆಗಲು ಕೊಟ್ಟಿದ್ದ.

"ಮೆತ್ತಗೆ, ಮೆತ್ತಗೆ. ಹಗುರ ಇದಾಳೆ ಪಾಪ."

"ಆ ಕಲ್ಲಿದ್ದಲು ಚೀಲಗಳನ್ನ ಹೊತ್ತೂ ಹೊತ್ತೂ ಸವೆದ್ಲು ಬಿಡು," ಎಂದ ಇನ್ನೊಬ್ಬ. ಯಾರೋ ಸಣ್ಣಗೆ ನಕ್ಕರು.

ಕ್ಲೆಮ್ ಹಿಂದೆ ನಡೆದ. ಕೆಳತೊಟ್ಟಿ ಬಂದಾಗ ತಲೆ ತಗ್ಗಿಸಿಕೊಂಡ. ಹೋಗುವ ದಾರಿಯಲ್ಲಿ ಬಲಕ್ಕೆ ಕಾಲುವೆಯೇ ಇತ್ತು, ಆದರೆ ನೀರ ಮೇಲಲ್ಲ. ಕೊಟ್ಟ ಮಾತು ತಪ್ಪಿದ್ದ. ಚರ್ಚಿನಲ್ಲಿ ಪಾದ್ರಿಗಳು, ವಿನಿಫ್ರೆಡ್ ಯಾರ್ಡ್ಲಿ ಒಳ್ಳೆಯ ಗಂಡನ ನೆರಳಿನಲ್ಲಿ ಬದುಕಿದ ಸರಳ ಹೆಣ್ಣುಮಗಳು ಎಂದರು. ಅದನ್ನು ಬರೆದುಕೊಟ್ಟವನು ಕ್ಲೆಮ್‌ನೇ. ಮುಂದಿನ ಸಾಲಿನಲ್ಲಿ ಕೂತು ಅದನ್ನು ಕೇಳುವಾಗ ಕಿವಿಯವರೆಗೆ ಬಿಸಿಯಾಯಿತು. ಹಿಂದೆ ಕೂತವರಲ್ಲಿ ಒಬ್ಬರೂ ಕೆಮ್ಮಲಿಲ್ಲ ಕೂಡ.

ಮಣ್ಣು ಹಾಕಿದ ಮೇಲೆ ಟೀ, ಹಂದಿಮಾಂಸದ ಸ್ಯಾಂಡ್‌ವಿಚ್. ಡಾಟ್ ತಟ್ಟೆ ತಂದು ಅವನ ಮಡಿಲಲ್ಲಿಟ್ಟಳು.

"ನಾನು ಬಾಯಿ ಬಿಡ್ಬಾರ್ದಿತ್ತು ಕ್ಲೆಮ್. ಹೇಳಲ್ಲ ಅಂತ ಅವಳಿಗೆ ಮಾತು ಕೊಟ್ಟಿದ್ದೆ."

"ಅವಳು ನನ್ನ ಬಗ್ಗೆ ಏನಂತಿದ್ಲು?"

"ಏನೂ ಅಂತಿರ್ಲಿಲ್ಲ. 'ಗಂಡಸರಿಗೆ ಅದೊಂದು ಇರತ್ತೆ ಕಣೆ, ಇರ್ಲಿ ಬಿಡು,' ಅಂತಿದ್ಲು. ತಿನ್ನು, ಬೆಳಿಗ್ಗೆಯಿಂದ ಏನೂ ತಿಂದಿಲ್ಲ."

ಅವನು ಬ್ರೆಡ್ಡಿನ ಅಂಚು ಮುರಿದು ತಟ್ಟೆಯಲ್ಲೇ ಇಟ್ಟ.

*

ಮಧ್ಯಾಹ್ನ ಮೇಲುತೊಟ್ಟಿಯ ತೂಬುಗಳನ್ನು ಟ್ರೆವರ್ ಎತ್ತಿದ. ನೀರು ತೊಟ್ಟಿಯ ಮೂಲಕ ಮಡುವಿಗೆ ಧುಮ್ಮಿಕ್ಕಿತು. ಕೆಸರು ಮುಚ್ಚಿತು, ಸೈಕಲ್ಲು ಮುಳುಗಿತು, ದೋಣಿಗಳು ಒಂದೊಂದಾಗಿ ನರಳಿ ಮೈ ನೆಟ್ಟಗೆ ಮಾಡಿಕೊಂಡವು. ಚರ್ಚಿನಿಂದ ಬಂದ ಬಟ್ಟೆಯಲ್ಲೇ ಎಲ್ಲರೂ ದಡದ ಮೇಲೆ ನಿಂತಿದ್ದರು.

"ಸಾಕು," ಎಂದು ಟ್ರೆವರ್ ಒಂದು ತೂಬು ಇಳಿಸಿ, ಇನ್ನೊಂದರ ಕಡೆ ತಿರುಗಿದ. ಕ್ಲೆಮ್ ಅಲ್ಲಿ ನಿಂತಿದ್ದ. ಟ್ರೆವರ್ ಅರೆಗಳಿಗೆ ತಡವರಿಸಿ, ಹ್ಯಾಂಡಲನ್ನು ಅವನ ಕೈಗೆ ಕೊಟ್ಟ.

ಕ್ಲೆಮ್ ತಿರುಗಿಸಿದ. ಕೆಳಕ್ಕೆ, ಕೆಳಕ್ಕೆ, ಬಿಗಿಯಾಯಿತು. ಡಾಟ್ ಹೇಳಿದ್ದು ನೆನಪಿತ್ತು, ಹಿಮ್ಮಡಿಯಲ್ಲಿ ಒದ್ದ. ಇನ್ನೊಮ್ಮೆ ಒದ್ದ. ಅಲುಗಲಿಲ್ಲ. ಮುಚ್ಚಿರಬೇಕು. ತಲೆಯೆತ್ತಿ ನೋಡಿದರೆ ದಡದ ಮೇಲಿದ್ದ ಅಷ್ಟೂ ಜನ ಬೇರೆಲ್ಲೋ ನೋಡುತ್ತಿದ್ದರು. ಒಬ್ಬ ಹಗ್ಗ ಸುತ್ತುತ್ತಿದ್ದ. ಡಾಟ್ ಕೋಟಿನ ಗುಂಡಿ ಸರಿಮಾಡುತ್ತಿದ್ದಳು. ಟ್ರೆವರ್ ಆಕಾಶ ನೋಡುತ್ತಿದ್ದ, ಅಲ್ಲಿ ಒಂದು ಮೋಡವೂ ಇರಲಿಲ್ಲ.

ತಾನು ನಡೆದು ಹೋದ ಕೂಡಲೇ ಇವರಲ್ಲಿ ಯಾರಿಗಾದರೊಬ್ಬರಿಗೆ ಇಲ್ಲಿ ಏನೋ ಮರೆತುಹೋಗಿರುತ್ತದೆ ಎಂದು ಅವನಿಗೆ ಗೊತ್ತಾಯಿತು.

"ರೋರಿ," ಎಂದು ಕೂಗಿದ. "ಇಲ್ಲಿ ಬಂದು ಒಂದ್ಸಲ ನೋಡ್ತೀಯೇನಪ್ಪ?"

ರೋರಿ ಬಂದ. ಕ್ಲೆಮ್‌ನ ಕೈಯಿಂದ ಹ್ಯಾಂಡಲು ತೆಗೆದುಕೊಂಡು, ಮಂಡಿಯೂರಿ, ತೂಬನ್ನು ಎತ್ತಿಳಿಸುವ ಹಲ್ಲುಹಲ್ಲಾದ ಸರಳಿಗೆ ಕಿವಿ ಕೊಟ್ಟ.

"ಒಂದು ಹಲ್ಲು ಮೇಲಕ್ಕೆತ್ತಿ ಆಮೇಲೆ ಒದೀಬೇಕು," ಎಂದ ತಲೆ ಎತ್ತದೆ. "ವಿನ್ನಿ ತೋರಿಸಿಕೊಟ್ಟಿದ್ದು."

ಒಂದು ಹಲ್ಲು ಎತ್ತಿದ. ಒದ್ದ. ಒಳಗೆಲ್ಲೋ ಕಲ್ಲಿಗೆ ಮರ ತಾಗಿ ಧಡ್ ಎಂದಿತು. ತೊಟ್ಟಿಯ ಗೋಡೆಯ ಬುಡದಲ್ಲಿ ಅಷ್ಟು ಹೊತ್ತೂ ಕದಡುತ್ತಿದ್ದ ನೀರು, ಕ್ಲೆಮ್ ನೋಡುತ್ತಿದ್ದಂತೆ, ಮೆಲ್ಲಗೆ ನಿಂತಿತು.