ಹಿಂದಿನ ಸೀಟು

ಕಾರಿನ ಹಿಂದಿನ ಸೀಟಿನಲ್ಲಿದ್ದ ಗಂಡ ಹಾಕಿಕೊಂಡು ಕೂರುತ್ತಿದ್ದ ದಿಂಬನ್ನು ಆರ್ಡಿಸ್ ಎಳೆದು ಡಿಕ್ಕಿಗೆ ಎಸೆದಳು. ಚರ್ಚಿನ ಪ್ರಾರ್ಥನೆ ಮುಗಿದು ಗಂಡ ಹಾರ್ಲನ್‌ನ ಶವಪೆಟ್ಟಿಗೆ ಗಾಡಿಗೇರಿತ್ತು. ಇಳಿಜಾರಿನ ಕೆಳಗಿದ್ದ ಸ್ಮಶಾನಕ್ಕೆ ಹೊರಡುವುದೊಂದೇ ಬಾಕಿ.

"ಅಮ್ಮಾ, ಇವತ್ತಾದ್ರೂ ನಾನು ಓಡಿಸ್ತೀನಿ," ಎಂದಳು ಮಗಳು.

"ಬೇಡ. ಮದುವೆಯಾದಾಗಿಂದ ಡ್ರೈವರ್ ಕೆಲಸ ತಾನೇ ನಂದು! ಒಂದಿನ ಪಕ್ಕದಲ್ಲಿ ಕೂತ್ನಾ ನಿಮ್ಮಪ್ಪ? ನೀನು ಮಕ್ಕಳನ್ನ ಕರ್ಕೊಂಡು ನಿನ್ನ ಕಾರಲ್ಲಿ ಹಿಂದೆ ಬಾ."

ಕೋಲೂರಿಕೊಂಡು ಬಂದ ಮುದುಕ ಮೆರಿಲ್ ಕೋಟ್ಸ್ ಮುಂದಿನ ಸೀಟಿನಲ್ಲಿ ಕೂತ. ಯುದ್ಧದಲ್ಲಿ ನೌಕಾಪಡೆಯ ಡೈವ್ ಬಾಂಬರ್, ಅಂದರೆ ನೆಟ್ಟಗೆ ಕೆಳಕ್ಕೆ ಧುಮುಕಿ ಬಾಂಬ್ ಹಾಕುವ ವಿಮಾನ, ಹಾರಿಸಿದವನು ಅವನು. ಅದೇ ವಿಮಾನದಲ್ಲಿ ಅವನ ಬೆನ್ನಿಗೆ ಬೆನ್ನು ಕೊಟ್ಟು, ಹಿಂದಕ್ಕೆ ಮುಖ ಮಾಡಿ ಬಂದೂಕು ಹಿಡಿದು ಕೂರುತ್ತಿದ್ದವನು ಹಾರ್ಲನ್.

*

ಅವನಿದ್ದಾಗ ಪ್ರತಿ ಭಾನುವಾರ ಇದೇ ಇಳಿಜಾರು, ಇದೇ ರಗಳೆ. ಹಾರ್ಲನ್ ಹಿಂದಿನಿಂದ ಕತ್ತು ಚಾಚಿ ವೇಗದ ಮುಳ್ಳು ನೋಡುವನು.

"ನಲವತ್ತು! ಆರ್ಡಿಸ್, ನಲವತ್ತೈದು!"

ಅವಳು ಹಲ್ಲು ಕಚ್ಚಿಕೊಂಡು ಸುಮ್ಮನಿರುವಳು. ಅವಳು ಸುಮ್ಮನಿದ್ದಷ್ಟೂ ಅವನ ದನಿ ಏರುವುದು. ಒಮ್ಮೆ ಭುಜ ಹಿಡಿದು ಅಲ್ಲಾಡಿಸಿಯೇಬಿಟ್ಟ. ಅವಳು ಅವನನ್ನು ಅಲ್ಲೇ ಇಳಿಸಿ ಮನೆಗೆ ಹೋದಳು. ಅವನು ನಡೆದುಕೊಂಡು ಬಂದು, ಏನೂ ಆಗದವನಂತೆ ಊಟ ಕೇಳಿದ. ತನ್ನ ಕೈಯ ಮೇಲೆ ಇವನಿಗೆ ಎಳ್ಳಷ್ಟೂ ನಂಬಿಕೆಯಿಲ್ಲ ಎಂಬ ನೋವು ಮಾತ್ರ ಅವಳಲ್ಲಿ ಹಾಗೇ ಕೂತಿತು.

*

"ನಿಮ್ಮ ತಲೇನೂ ಹೀಗೇ ತಿಂತಿದ್ನಾ?" ಎಂದು ಮೆರಿಲ್‌ನನ್ನು ಕೇಳಿದಳು ಆರ್ಡಿಸ್, ಕಾರು ಹೊರಡಿಸುತ್ತ.

"ತಿಂತಿದ್ದ. ತಿಂದಿದ್ದಕ್ಕೇ ಬದುಕಿದ್ದೀನಿ. ವಿಮಾನ ಮೂತಿ ಕೆಳಗೆ ಮಾಡಿ ಧುಮುಕೋವಾಗ ನನ್ನ ಕಣ್ಣು ಹಡಗಿನ ಮೇಲೆ. ಎತ್ತರದ ಮುಳ್ಳು ನೋಡಿ ಕೂಗೋದು ಅವನ ಕೆಲಸ. ಬಾಂಬ್ ಬಿಟ್ಟು ವಿಮಾನ ಮೇಲಕ್ಕೆತ್ತುವಾಗ ಆ ರಭಸಕ್ಕೆ ಕಣ್ಣು ಕತ್ತಲೆ ಬರುತ್ತೆ ನೋಡಿ, ಒಂದ್ಸಲ ನನಗೆ ಎಚ್ಚರವೇ ತಪ್ಪಿತು. ಅವನಿಗೂ ಕತ್ತಲೆ ಬಂದಿತ್ತು, ಆದ್ರೆ ಬಾಯಿ ನಿಲ್ಲಲಿಲ್ಲ. ಆ ಕೂಗಿಗೆ ನಾನು ಕಣ್ಣು ಬಿಟ್ಟೆ. ಸಮುದ್ರ ಕಾಲಡೀಲೇ ಇತ್ತು."

"ಆಮೇಲೆ?"

"ಒಂದು ಒಪ್ಪಂದ ಮಾಡ್ಕೊಂಡ್ವಿ. ನಾನು 'ಕೇಳಿಸ್ತು' ಅನ್ನೋವರೆಗೂ ಅವನು ಕೂಗೋದು ನಿಲ್ಲಿಸಬಾರದು. ಉತ್ತರ ಬರಲಿಲ್ಲ ಅಂದ್ರೆ ಮುಂದೆ ಕೂತವನಿಗೆ ಎಚ್ಚರ ತಪ್ಪಿದೆ ಅಂತ." ಮೆರಿಲ್ ಅವಳತ್ತ ತಿರುಗಿದ. "ನಿಮಗೆ ಹೇಳಿರಲಿಲ್ವಾ?"

"ವಿಮಾನದ ಬ್ರೇಕಿನ ವಿಷಯ ಹೇಳಿದ! ಮೊದಲು ಬಾಲ ಅದುರ್ತಿತ್ತಂತೆ, ರೆಕ್ಕೆಯ ಬ್ರೇಕಿಗೆ ತೂತು ಕೊರೆದ ಮೇಲೆ ಅದುರೋದು ನಿಂತಿತಂತೆ. ನನ್ನ ಅಡುಗೆಮನೆ ಜರಡಿ ತೋರಿಸಿ ಮನೆಗೆ ಬಂದವರಿಗೆಲ್ಲ ಪಾಠ. ಇದೊಂದನ್ನ ಹೇಳಲಿಲ್ಲ, ಮುಂಡೇದು!"

ಇಳಿಜಾರು ಶುರುವಾಗುವಲ್ಲಿ ಅವಳು ಗಕ್ಕನೆ ಕಾರು ನಿಲ್ಲಿಸಿದಳು. ಶವದ ಗಾಡಿ ಮುಂದೆ ಹೋಯಿತು. ಹಿಂದಿನ ಕಾರುಗಳು ಸಾಲಾಗಿ ನಿಂತವು.

"ಏನಾಯ್ತಮ್ಮಾ?" ಮಗಳು ಕಿಟಕಿಯಿಂದ ಕೂಗಿದಳು.

ಆರ್ಡಿಸ್ ಇಳಿದು, ಡಿಕ್ಕಿ ತೆರೆದು, ದಿಂಬು ತಂದು ಹಿಂದಿನ ಸೀಟಿನ ನಡುವೆ ಇಟ್ಟಳು. ಮತ್ತೆ ಸ್ಟಿಯರಿಂಗ್ ಹಿಡಿದಳು. ಕಾರು ಇಳಿಯತೊಡಗಿತು. ವೇಗದ ಮುಳ್ಳು ಮೆಲ್ಲಗೆ ಮೇಲೇರಿತು. ಕನ್ನಡಿಯಲ್ಲಿ ದಿಂಬು ಕಾಣುತ್ತಿತ್ತು, ಅವನು ಕೂತು ಕೂತು ಬಿದ್ದ ಗುಳಿಯೂ ಕಾಣುತ್ತಿತ್ತು.

"ಕೇಳಿಸ್ತು," ಎಂದಳು ಕನ್ನಡಿಗೆ, ಗಟ್ಟಿಯಾಗಿ. "ಕೇಳಿಸ್ತು ಕಣೋ, ಹಾರ್ಲನ್."