ಒಂದೂ ಕೂಗಲಿಲ್ಲ

"ಕೈ ಹಾಕಲ್ಲ ಅಂದ್ರೆ ಹಾಕಲ್ಲ. ಒಳಗೆ ಕೂತಿದಾಳಲ್ಲ ಇಲಾಖೆಯವಳು, ಅವಳನ್ನೇ ಕರಿ. ಅವಳೇ ಹೊತ್ಕೊಂಡು ಹೋಗ್ಲಿ ನಿಮ್ಮಪ್ಪನ್ನ," ಅಂದ ರಾಯ್ಸ್.

"ಬಾಯಿ ಮುಚ್ಚು ರಾಯ್ಸ್. ಒಳಗೆ ಹೆಣ ಇದೆ."

"ಇದೆ ಅಂತಲೇ ಇಷ್ಟು ಮೆಲ್ಲಗೆ ಹೇಳ್ತಿರೋದು."

ಚರ್ಚಿನ ಹಿಂದೆ, ಟ್ರಕ್ಕುಗಳನ್ನು ನಿಲ್ಲಿಸಿದ್ದ ಕೆಸರಿನಲ್ಲಿ, ವರ್ನಾ ತನ್ನ ಕರಿ ಲಂಗವನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು ನಿಂತಿದ್ದಳು. ಪ್ರಾರ್ಥನೆ ಮುಗಿದಿತ್ತು. ಪಾದ್ರಿ ಬಾಗಿಲಲ್ಲಿ ಕಾಯುತ್ತಿದ್ದರು. ಸ್ಮಶಾನ ಗುಡ್ಡದ ನೆತ್ತಿಯಲ್ಲಿದೆ. ಅಲ್ಲಿಗೆ ಗಾಡಿ ಹತ್ತುವುದಿಲ್ಲ. ಹೆಣದ ಪೆಟ್ಟಿಗೆಯನ್ನು ಆರು ಜನ ಹಿಡಿಕೆ ಹಿಡಿದು ಹೊತ್ತುಕೊಂಡೇ ಹೋಗಬೇಕು. ಆ ಆರು ಜನರೂ ವರ್ನಾಳ ಅಪ್ಪ ಆರ್ವಲ್ ಪ್ರುಯಿಟ್‌ನ ಜೊತೆ ಒಂದೇ ಬೇಟೆ ಗುಡಿಸಲಿನಲ್ಲಿ ಕಾಫಿ ಕುಡಿದವರು. ಈಗ ನಾಲ್ವರು ಟ್ರಕ್ಕಿಗೆ ಒರಗಿ ನೆಲ ನೋಡುತ್ತಿದ್ದರು. ಐದನೆಯವನು ಈ ರಾಯ್ಸ್, ಸತ್ತವನ ಅಣ್ಣನ ಮಗ. ಅವನು ಮಾತ್ರ ನೆಲ ನೋಡುವ ಪೈಕಿ ಅಲ್ಲ.

ಆರನೆಯವನು ಕ್ಲೆಲ್ ಹಡ್‌ಸ್ಪೆತ್. ವರ್ನಾಳ ಬಾಯಲ್ಲಿ ಚಿಕ್ಕಂದಿನಿಂದ ಕ್ಲೆಲ್ ಮಾಮ. ರಕ್ತಸಂಬಂಧವೇನಿಲ್ಲ. ಅಪ್ಪನ ಬೇಟೆಯ ಜೊತೆಗಾರ, ತನ್ನ ಹೆಂಡತಿಯ ಪಕ್ಕಕ್ಕಿಂತ ಹೆಚ್ಚು ಬೆಳಗುಗಳನ್ನು ಅಪ್ಪನ ಪಕ್ಕ ಕಳೆದವನು. ಅವನು ಸ್ವಲ್ಪ ದೂರ, ಚರ್ಚಿನ ಮೆಟ್ಟಿಲ ಬಳಿ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ.

"ಸತ್ತವನ ಮೇಲೆ ಯಾಕಪ್ಪಾ ಹಟ," ಅಂದ ಅವನು. "ಮಣ್ಣು ಮಾಡಿ ಬರೋಣ. ಆಮೇಲೆ ಬೇಕಾದ್ದು ಮಾತಾಡಿ."

ಇದೊಂದು ಜೀವ ನಮ್ಮ ಕಡೆಗಿದೆ ಅಂದುಕೊಂಡಳು ವರ್ನಾ.

ಜಗಳದ ಮೂಲ ಕಾಡಿನ ಟರ್ಕಿ ಕೋಳಿ. ಅಮೆರಿಕದ ಓಝಾರ್ಕ್‌ನ ಈ ಗುಡ್ಡಗಳಲ್ಲಿ ವಸಂತ ಬಂದರೆ ಗಂಡಸರಿಗೆ ಬೇರೆ ದೇವರಿಲ್ಲ. ಆದರೆ ವರ್ಷದಿಂದ ವರ್ಷಕ್ಕೆ ಕೋಳಿ ಕಡಿಮೆಯಾಗುತ್ತಿದೆ ಅಂತ ವನ್ಯಜೀವಿ ಇಲಾಖೆ ಬೇಟೆಗಾರರಿಗೆಲ್ಲ ಫೋನ್ ಮಾಡಿ ಕೇಳತೊಡಗಿತು. ಎಷ್ಟು ಬೆಳಗು ಹೋದಿರಿ, ಎಷ್ಟು ಹುಂಜ ಕೂಗಿದ್ದು ಕೇಳಿಸಿತು, ಮರಿ ಜೊತೆಗಿದ್ದ ಹೇಂಟೆ ಎಷ್ಟು. ಹೋದ ವರ್ಷ ಪತ್ರಿಕೆಯಲ್ಲಿ ಬಂತು: ಬೇಟೆಗಾರರೇ ಹೇಳಿದ ಪ್ರಕಾರ ಈ ಸೀಮೆಯಲ್ಲಿ ಹುಂಜದ ಕೂಗು ನಿಂತೇ ಹೋದಂತಿದೆ, ಆದ್ದರಿಂದ ಮೂರು ವಾರದ ಬೇಟೆ ಇನ್ನು ಒಂದೇ ವಾರ.

ಬೇಟೆಗಾರರೇ ಅಂದರೆ ಯಾವ ಬೇಟೆಗಾರ? ಗುಡಿಸಲಿನಲ್ಲಿ ಎಲ್ಲರೂ ಎದೆ ತಟ್ಟಿಕೊಂಡು ಹೇಳಿದರು, ನಾನು ಬೈದು ಫೋನ್ ಇಟ್ಟೆ ಅಂತ. ಆರ್ವಲ್ ಒಬ್ಬನೇ ಏನೂ ಹೇಳಲಿಲ್ಲ. ಇಲಾಖೆಯ ಹೆಂಗಸು ಆರ್ವಲ್‌ನ ಜಗಲಿಯಲ್ಲಿ ಕೂತು ತಣ್ಣನೆಯ ಚಹಾ ಕುಡಿದದ್ದನ್ನು ಕಂಡವರಿದ್ದರು. ಅಲ್ಲದೆ ಆರ್ವಲ್ ಕಡೆಕಡೆಗೆ ಯಾರ ಜೊತೆಯೂ ಬೆರೆಯುತ್ತಿರಲಿಲ್ಲ. ದನದ ಮೇವಿನ ಅಂಗಡಿಯಲ್ಲಿ ಹಿಂದಿನಿಂದ ಕೂಗಿದರೆ ತಿರುಗಿಯೂ ನೋಡದೆ ಹೋಗುತ್ತಿದ್ದ. ಮಡಿಲಲ್ಲಿ ಕಳ್ಳಮಾಲು ಇಲ್ಲದವನು ಹಾಗೆ ಮುಖ ತಪ್ಪಿಸುತ್ತಾನಾ ಅಂತ ಜನ ಆಡಿಕೊಂಡರು.

ಇವತ್ತು ಆ ಹೆಂಗಸು, ಡೆನೀಸ್ ಅಂತ ಹೆಸರು, ಒಂದು ಪಾತ್ರೆ ತುಂಬ ಬೀನ್ಸ್ ಪಲ್ಯ ಮಾಡಿಕೊಂಡು ಬಂದು ಕೊನೆಯ ಬೆಂಚಿನಲ್ಲಿ ಕೂತಳು. ಅಷ್ಟೇ ಸಾಕಾಯಿತು.

* * *

ಆರ್ವಲ್‌ಗೆ ಕಿವಿ ಕೇಳಿಸುತ್ತಿರಲಿಲ್ಲ.

ಬಂದೂಕಿನ ಸದ್ದು ಜೀವಮಾನವೆಲ್ಲ ತಿಂದ ಕಿವಿ. ಮೊದಲು ಬಲಗಡೆ ಹೋಯಿತು, ಆಮೇಲೆ ಎಡಗಡೆ. ಇದನ್ನು ಅವನು ವರ್ನಾಳಿಗೆ ಮಾತ್ರ ಹೇಳಿದ್ದ. ಪಟ್ಟಣದ ಡಾಕ್ಟರ್ ಕೊಟ್ಟ ಯಂತ್ರವನ್ನು ಅವನು ಮನೆಯೊಳಗೆ ಹಾಕಿಕೊಳ್ಳುತ್ತಿದ್ದ, ಗೇಟು ದಾಟುವಾಗ ಕಿತ್ತು ಜೇಬಿಗೆ ಸೇರಿಸುತ್ತಿದ್ದ. ಟರ್ಕಿ ಬೇಟೆಯಲ್ಲಿ ಕಣ್ಣು ಆಮೇಲೆ, ಕಿವಿ ಮೊದಲು. ಕಿವಿ ಹೋದವನನ್ನು ಗುಡಿಸಲಿನಲ್ಲಿ ಕೂರಿಸಿ ಬೆಂಕಿ ಕಾಯಲು ಬಿಡುತ್ತಾರೆ, ಕಾಡಿಗೆ ಕರೆಯುವುದಿಲ್ಲ.

"ನಾನು ಸತ್ತ ಮೇಲೂ ಯಾರಿಗೂ ಹೇಳಬೇಡ," ಅಂದಿದ್ದ ಒಂದು ದಿನ, ಅಡುಗೆಮನೆಯಲ್ಲಿ. "ಕಿವುಡ ಆರ್ವಲ್ ಅಂತ ಕರೆಸಿಕೊಂಡು ಮಣ್ಣಿಗೆ ಹೋಗೋಕೆ ನಂಗಿಷ್ಟ ಇಲ್ಲ. ಮಾತು ಕೊಡು."

ಅವಳು ಕೊಟ್ಟಿದ್ದಳು. ಯಂತ್ರ ಹಾಕಿಕೊಂಡರೂ ಫೋನಿನ ಮಾತು ಅವನಿಗೆ ಹಿಡಿಯುತ್ತಿರಲಿಲ್ಲ. ಇಲಾಖೆಯ ಫೋನ್ ಬಂದಾಗ ಪಕ್ಕದಲ್ಲಿ ಕೂತು ಒಂದೊಂದು ಪ್ರಶ್ನೆಯನ್ನೂ ಅವನ ಕಿವಿಗೆ ಕೂಗಿ ಹೇಳಿದವಳೂ ಅವಳೇ. ಹುಂಜ ಎಷ್ಟು ಕೂಗಿದವು? ಅವನು ತುಂಬ ಹೊತ್ತು ಕಿಟಕಿಯಾಚೆ ನೋಡಿದ. ಆಮೇಲೆ ಅಂದ, "ಒಂದೂ ಕೂಗಲಿಲ್ಲ ಅಂತ ಹೇಳು. ಕ್ಲೆಲ್‌ಗೂ ಕೇಳಿಸಲಿಲ್ಲ." ಸುಳ್ಳು ಹೇಳುವ ಮುಖವಲ್ಲ ಅದು. ಯಾರೋ ಸತ್ತ ಸುದ್ದಿ ಹೇಳುವವನ ಮುಖ.

ಆ ವಸಂತದಲ್ಲೇ ಒಂದು ಬೆಳಗ್ಗೆ, ಅವನ ಮಂಡಿ ನೋವು ಜೋರಾಗಿತ್ತು ಅಂತ, ವರ್ನಾ ಅವನ ಚೀಲ ಹೊತ್ತು ಗುಡ್ಡಕ್ಕೆ ಹೋಗಿದ್ದಳು. ಇನ್ನೂ ನಸುಕು. ಕ್ಲೆಲ್ ಎರಡು ಕೈ ಬಾಯಿಗೆ ಹಿಡಿದು ಗೂಬೆಯ ಹಾಗೆ ಕೂಗಿದ. ಗೂಬೆ ಕೂಗಿದರೆ ಮರದ ಮೇಲೆ ಮಲಗಿದ ಹುಂಜ ಸಿಟ್ಟಿಗೆದ್ದು ಉತ್ತರ ಕೊಡುತ್ತದೆ. ಕೊಟ್ಟ ಕೂಡಲೇ ಬೇಟೆಗಾರರು ಬಾಯಿ ಬಿಡದೆ ಬೆರಳು ತೋರಿಸುತ್ತಾರೆ, ದನಿ ಬಂದದ್ದು ಆ ದಿಕ್ಕು ಅಂತ. ಅಪ್ಪ ಕಾಡಿನ ಕಡೆಗೆ ಕಿವಿ ಕೊಟ್ಟಿರಲಿಲ್ಲ. ಕಣ್ಣನ್ನು ಕ್ಲೆಲ್‌ನ ಕೈ ಮೇಲೆ ಇಟ್ಟಿದ್ದ. ಆ ಕೈ ಎದ್ದರೆ ತನ್ನ ಕೈಯನ್ನೂ ಅದೇ ದಿಕ್ಕಿಗೆ ಎತ್ತಬೇಕು ಅಂತ.

ಕೆಳಗಿನ ಕಣಿವೆಯಿಂದ ಹುಂಜ ಕೂಗಿತು. ಗಳಗಳ ಅಂತ, ಬುಡ್ಡಿಯಿಂದ ನೀರು ಚೆಲ್ಲಿದ ಹಾಗೆ. ವರ್ನಾಳಿಗೆ ಸ್ಪಷ್ಟವಾಗಿ ಕೇಳಿಸಿತು. ಕ್ಲೆಲ್‌ನ ಕೈ ಏಳಲಿಲ್ಲ, ಜೇಬಿಗೆ ಇಳಿಯಿತು. ಅವನು ತಲೆಯಾಡಿಸಿದ, ಇಲ್ಲ ಅಂತ. ಅಪ್ಪನೂ ತಲೆಯಾಡಿಸಿದ, ಇಲ್ಲ ಅಂತ.

ಅಯ್ಯೋ, ಕ್ಲೆಲ್ ಮಾಮನ ಕಿವಿಯೂ ಹೋಯಿತಲ್ಲ ಅಂದುಕೊಂಡಳು ವರ್ನಾ. ಇಬ್ಬರು ಮುದುಕರು, ಇಬ್ಬರೂ ಒಬ್ಬರಿಗೊಬ್ಬರು ಮುಚ್ಚಿಡುತ್ತಿದ್ದಾರೆ. ಇಬ್ಬರ ಮರ್ಯಾದೆಯನ್ನೂ ಉಳಿಸಲು ಅವಳು ತುಟಿ ಬಿಚ್ಚಲಿಲ್ಲ.

* * *

ಪಾದ್ರಿ ಎರಡನೇ ಸಲ ಬಾಗಿಲಿಗೆ ಬಂದು ಹೋದರು. ಒಳಗಿನಿಂದ ಇಮೋಜೀನ್ ಅತ್ತೆ, ಸತ್ತವನ ತಂಗಿ, ಊಟದ ಮನೆಯಲ್ಲಿ ಹಂದಿಮಾಂಸ ಕತ್ತರಿಸುತ್ತಿದ್ದ ಚಾಕುವನ್ನು ಹಿಡಿದುಕೊಂಡೇ ಬಂದಳು.

"ಏನ್ರೋ, ಇನ್ನೂ ಲೆಕ್ಕ ಮುಗಿದಿಲ್ವಾ? ಅಲ್ಲಿ ಆಲೂಗಡ್ಡೆ ತಣ್ಣಗಾಗ್ತಿದೆ, ಇಲ್ಲಿ ನಮ್ಮಣ್ಣ ತಣ್ಣಗಾಗಿ ಮೂರು ದಿನ ಆಯ್ತು."

ವರ್ನಾ ತಡೆದುಕೊಳ್ಳಲಾರದೆ ಒಳಗೆ ಹೋಗಿ ಡೆನೀಸ್‌ಳನ್ನು ತೋಳು ಹಿಡಿದು ಹೊರಗೆ ಕರೆದುಕೊಂಡು ಬಂದಳು. ಅವಳ ಮೇಲೂ ವರ್ನಾಳಿಗೆ ಅನುಮಾನವಿತ್ತು. ಅಪ್ಪನ ಮಾತನ್ನು ಎಲ್ಲಿ ಹೇಗೆ ಬರೆದುಕೊಂಡಳೋ, ಯಾರ ಮುಂದೆ ಓದಿದಳೋ.

"ಹೇಳಿ ಮೇಡಂ. ಇವರೆದುರಿಗೇ ಹೇಳಿ. ನಿಮ್ಮ ಇಲಾಖೆ ಬೇಟೆ ಕಮ್ಮಿ ಮಾಡಿದ್ದು ನಮ್ಮಪ್ಪನ ಮಾತಿನಿಂದಲಾ?"

ಒಬ್ಬೊಬ್ಬರು ಏನು ಹೇಳಿದರು ಅನ್ನುವುದನ್ನು ಹೇಳುವ ಹಾಗಿಲ್ಲ ಅಂದಳು ಡೆನೀಸ್. ರಾಯ್ಸ್ ನೆಲಕ್ಕೆ ಉಗಿದ. ಅವಳು ಅದನ್ನು ನೋಡಿ, ಒಟ್ಟಿನ ಮಾತಾದರೆ ಹೇಳಬಹುದು ಅಂದಳು. ಈ ಸೀಮೆಯಲ್ಲಿ ಬೈದು ಫೋನ್ ಇಟ್ಟವರು ಬಹಳ ಕಡಿಮೆ. ಹೆಚ್ಚುಪಾಲು ಜನ ಕೂತು ಮಾತಾಡಿದ್ದಾರೆ. ಮಾತಾಡಿದವರಲ್ಲಿ ಮುಕ್ಕಾಲು ಪಾಲು ಹೇಳಿದ್ದು ಒಂದೇ ಮಾತು, ಒಂದೂ ಕೂಗಲಿಲ್ಲ ಅಂತ.

ಟ್ರಕ್ಕಿಗೆ ಒರಗಿದ್ದವರು ಕುಂಬಳಕಾಯಿ ಕಳ್ಳ ಅಂದ ಕೂಡಲೇ ಹೆಗಲು ಮುಟ್ಟಿ ನೋಡಿಕೊಂಡವರಂತಾದರು.

ಈ ಗುಡ್ಡದಲ್ಲಿ ಹುಂಜ ಕೂಗಿದ ಜಾಗವನ್ನು ಹೆತ್ತ ತಾಯಿಗೂ ಹೇಳುವುದಿಲ್ಲ. ಹೇಗಿತ್ತಪ್ಪಾ ಬೆಳಗ್ಗೆ ಅಂತ ಕೇಳಿದರೆ, ಒಂದೂ ಕೂಗಲಿಲ್ಲ ಅನ್ನುವುದೇ ವಾಡಿಕೆ. ಕೇಳಿದವನೂ ಅದನ್ನು ನಂಬುವುದಿಲ್ಲ, ಹೇಳಿದವನೂ ಸುಳ್ಳು ಹೇಳಿದೆ ಅಂದುಕೊಳ್ಳುವುದಿಲ್ಲ. ಒಬ್ಬ ಜೊತೆಗಾರನಿಗೆ ಮಾತ್ರ ಹಾಗೆ ಹೇಳಕೂಡದು. ಅದೇ ಮರದಡಿ ಪಕ್ಕದಲ್ಲಿ ಕೂತವನಿಗೆ. ಇಲಾಖೆಯವರಿಗೆ ಈ ವಾಡಿಕೆ ಗೊತ್ತಿರಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಂಡರು.

"ಸರ್ಕಾರದವರು ಕೇಳಿದ್ರೆ ನನ್ನ ಹುಂಜ ಎಲ್ಲಿ ಮಲಗುತ್ತೆ ಅಂತ ಯಾವ ಪೆದ್ದ ಹೇಳ್ತಾನೆ?" ಅಂದ ರಾಯ್ಸ್, ಕತ್ತು ಕೆರೆದುಕೊಂಡು.

"ಬೈದು ಫೋನ್ ಇಟ್ಟೆ ಅಂದಿದ್ದೆಯಲ್ಲೋ," ಅಂದಳು ಇಮೋಜೀನ್ ಅತ್ತೆ.

"ಬೈದೆ. ಮಾತೆಲ್ಲ ಮುಗಿದ ಮೇಲೆ ಬೈದೆ."

ಡೆನೀಸ್ ಹೋಗುವ ಮುಂಚೆ ವರ್ನಾಳ ಕಡೆ ತಿರುಗಿ, ಪ್ರಶ್ನೆ ಮುಗಿದ ಮೇಲೆ ಫೋನ್ ಇಸಿದುಕೊಂಡು, ನಿಮ್ಮ ಮನೆಯವರೆಲ್ಲ ಚೆನ್ನಾಗಿದ್ದಾರಾ ಅಂತ ತನ್ನನ್ನು ಕೇಳುತ್ತಿದ್ದವರು ಇಡೀ ಸೀಮೆಯಲ್ಲಿ ಆರ್ವಲ್ ಒಬ್ಬರೇ ಅಂದಳು. ಕೇಳಿ, ಉತ್ತರಕ್ಕೆ ಕಾಯದೆ ಫೋನ್ ಇಟ್ಟುಬಿಡುತ್ತಿದ್ದರಂತೆ. ಅದಕ್ಕೇ ಬಂದೆ ಅಂದು ಒಳಗೆ ಹೋದಳು.

ರಾಯ್ಸ್ ಅಷ್ಟಕ್ಕೆಲ್ಲ ಸೋಲುವವನಲ್ಲ. ನಮ್ಮ ಮಾತು ಬೇರೆ, ಚಿಕ್ಕಪ್ಪನ ಮಾತು ಬೇರೆ ಅಂದ. ನಾವು ಸುಳ್ಳರು ಅಂತ ಇಲಾಖೆಗೂ ಗೊತ್ತು. ಚಿಕ್ಕಪ್ಪ ಜೀವಮಾನದಲ್ಲಿ ಸುಳ್ಳು ಆಡಿದವನಲ್ಲ, ಅವನ ಮಾತನ್ನೇ ಅವರು ನಂಬಿರುವುದು. ಅಂಥವನು ಹುಂಜ ಇದ್ದೂ ಇಲ್ಲ ಅಂದರೆ ಅದಕ್ಕೆ ಏನೋ ಕಾರಣ ಇರಬೇಕು. ಅಷ್ಟು ಹೇಳಿ ಅವನು ಬೆನ್ನು ತಿರುಗಿಸಿ ದೂರದ ಟ್ರಕ್ಕಿನ ಕಡೆ ಹೋದ. ಅಲ್ಲಿದ್ದವನ ಹತ್ತಿರ ತುಟಿಯೊಳಗೇ ಗೊಣಗಿದ್ದು ವರ್ನಾಳಿಗೆ ಅರ್ಧಂಬರ್ಧ ಕೇಳಿಸಿತು, ಕ್ಲೆಲ್‌ನ ಹತ್ತಿರ ಒಂದು ಸಿಗರೇಟು ಇದ್ದರೂ ಇರಬಹುದು ಅಂತ.

"ಕ್ರಿಸ್‌ಮಸ್‌ಗೇ ಬಿಟ್ಟೆ ಕಣೋ," ಅಂದ ಕ್ಲೆಲ್, ಮೆಟ್ಟಿಲ ಬಳಿಯಿಂದ, ತಲೆಯನ್ನೂ ಎತ್ತದೆ.

ವರ್ನಾ ಎತ್ತಿ ಹಿಡಿದಿದ್ದ ಲಂಗದ ಅಂಚು ಕೈಜಾರಿ ಕೆಸರಿಗೆ ಬಿತ್ತು.

ಅವಳು ಟ್ರಕ್ಕಿನಿಂದ ಮೆಟ್ಟಿಲಿಗೆ ಎಷ್ಟು ದೂರ ಅಂತ ಕಣ್ಣಲ್ಲೇ ಅಳೆದಳು. ಈ ಕಿವಿಗೆ ಆ ಬೆಳಗಿನ ಕೂಗು ಕೇಳಿಸಿರಲಿಲ್ಲವಾ? ಇನ್ನೊಂದು ನೆನಪಾಯಿತು. ಊರಿನವರೆಲ್ಲ ಅಪ್ಪನನ್ನು ಹಿಂದಿನಿಂದ ಕೂಗಿ, ಉತ್ತರ ಸಿಗದೆ ಬೈದುಕೊಂಡು ಹೋಗುತ್ತಿದ್ದರು. ಕ್ಲೆಲ್ ಒಬ್ಬ ಮಾತ್ರ ಯಾವಾಗಲೂ ಸುತ್ತಿ ಬಂದು ಅಪ್ಪನ ಮುಖದೆದುರು ನಿಂತು, ತುಟಿ ದೊಡ್ಡದಾಗಿ ಆಡಿಸಿ ಮಾತಾಡುತ್ತಿದ್ದ. ಎಂಥ ಪ್ರೀತಿ ಅಂದುಕೊಂಡಿದ್ದಳು. ಅಪ್ಪನ ಕಿವಿ ಹೋದದ್ದು ಅವನಿಗೆ ಮೊದಲೇ ಗೊತ್ತಿತ್ತು.

ಅಪ್ಪನಿಗೆ ಕೊಟ್ಟ ಮಾತು ಬಾಯಲ್ಲಿ ಬಿಸಿ ತುಪ್ಪದ ಹಾಗಿತ್ತು. ನುಂಗಿದರೆ ಅಪ್ಪ ಚಾಡಿಕೋರನಾಗಿ ಮಣ್ಣಿಗೆ ಹೋಗುತ್ತಾನೆ. ಉಗುಳಿದರೆ ಕಿವುಡನಾಗಿ.

"ಅಪ್ಪನಿಗೆ ಕಿವಿ ಕೇಳಿಸ್ತಿರಲಿಲ್ಲ," ಅಂದಳು. "ಎರಡೂ. ತುಂಬ ವರ್ಷದಿಂದ. ಯಾರಿಗೂ ಹೇಳಬೇಡ ಅಂದಿದ್ದ. ಮೇವಿನ ಅಂಗಡಿಯಲ್ಲಿ ನೀನು ಕೂಗಿದ್ದು ಅವನಿಗೆ ಕೇಳಿಸಲೇ ಇಲ್ಲ ರಾಯ್ಸ್. ಕಾಡಲ್ಲಿ ಅವನ ಕಿವಿ ಕ್ಲೆಲ್ ಮಾಮ. ಮಾಮನ ಬೆರಳು ನೋಡಿ ಅವನು ಬೆರಳು ತೋರಿಸ್ತಿದ್ದ. ಮಾಮ ಇಲ್ಲ ಅಂದ್ರೆ ಅವನಿಗೂ ಇಲ್ಲ. ಅದನ್ನೇ ಇಲಾಖೆಗೆ ಹೇಳಿದ."

ರಾಯ್ಸ್ ವಾಪಸ್ ಬಂದ. ಅವನ ಮುಖದ ಸಿಟ್ಟು ಇಳಿದಿರಲಿಲ್ಲ, ಆದರೆ ಎಲ್ಲಿ ಇಡಬೇಕು ಅಂತ ಗೊತ್ತಾಗದವನಂತೆ ಅತ್ತಿತ್ತ ನೋಡಿದ. ಕೊನೆಗೆ ಮೆಟ್ಟಿಲ ಕಡೆ ನೋಡಿದ.

"ಕ್ಲೆಲ್, ಇಲಾಖೆ ಫೋನ್ ಮಾಡಿದ ಆ ವರ್ಷ ನೀನು ಎರಡು ಹುಂಜ ಹೊಡೆದೆಯಲ್ಲ. ಹೊಳೆ ಆಚೆ ಅಂದಿದ್ದೆ."

ಕ್ಲೆಲ್ ಟೋಪಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ದಾಟಿಸಿದ.

"ಹೊಳೆ ಆಚೆ ಅಲ್ಲ ಕಣೋ," ಅಂದಳು ಇಮೋಜೀನ್ ಅತ್ತೆ, ನಿಧಾನವಾಗಿ. ಅವಳ ಮನೆ ಆರ್ವಲ್ ಬೇಟೆಯಾಡುತ್ತಿದ್ದ ಗುಡ್ಡದ ಬುಡದಲ್ಲಿತ್ತು. "ನಮ್ಮ ಮೇಲಿನ ಗುಡ್ಡದಲ್ಲೇ ಗುಂಡಿನ ಸದ್ದು ಕೇಳಿದೆ. ಎರಡು ಸಲವೂ ಆರ್ವಲ್ ಆಸ್ಪತ್ರೆಗೆ ಹೋಗಿದ್ದ ದಿನ. ನಮ್ಮಣ್ಣನ ಗುಡ್ಡಕ್ಕೆ ಯಾವನೋ ಕಳ್ಳ ನುಗ್ಗಿದಾನೆ ಅಂತ ನಿನಗೇ ಫೋನ್ ಮಾಡಿ ಹೇಳಿದೆ ಕ್ಲೆಲ್. ನೋಡ್ಕೋತೀನಿ ಅಂದೆ ನೀನು."

"ನಾನೂ ಇದ್ದೆ ಒಂದು ಬೆಳಗ್ಗೆ," ಅಂದಳು ವರ್ನಾ. "ಹುಂಜ ಕೂಗಿತು. ನೀನು ತಲೆ ಆಡಿಸಿದೆ. ಮಾಮನಿಗೂ ಕಿವಿ ಹೋಯ್ತು ಪಾಪ ಅಂತ ನಾನು ಬಾಯಿ ಮುಚ್ಕೊಂಡೆ."

ಕ್ಲೆಲ್ ಟೋಪಿಯ ಅಂಚನ್ನು ಬೆರಳಲ್ಲಿ ಸುತ್ತಿಸುತ್ತಿದ್ದ. ಅವನ ಮುಖದಲ್ಲಿ ನಾಚಿಕೆಗಿಂತ ಬೇಸರ ಹೆಚ್ಚಿತ್ತು.

"ಒಂದೂ ಕೂಗಲಿಲ್ಲ ಅಂದೆ. ಅಂದೆ, ನಿಜ. ಬೇಟೆಗಾರ ಇನ್ನೊಬ್ಬ ಬೇಟೆಗಾರನಿಗೆ ಅದನ್ನೇ ಅನ್ನೋದು," ಅಂದ. "ಅವನ ಕೈಯಲ್ಲಿ ಇನ್ನು ಹೊಡೆಯೋಕೆ ಆಗ್ತಿರಲಿಲ್ಲ ವರ್ನಾ. ಹತ್ತಿರ ಹೋಗೋಷ್ಟರಲ್ಲಿ ಕಡ್ಡಿ ತುಳಿದು ಹುಂಜವನ್ನ ಹಾರಿಸಿಬಿಡ್ತಿದ್ದ. ತಾನು ತುಳಿದದ್ದು ಅವನಿಗೇ ಕೇಳಿಸ್ತಿರಲಿಲ್ಲ. ನನ್ನ ಜಾಗದಲ್ಲಿ ಅವನಿದ್ದಿದ್ರೂ ಹಾಗೇ ಮಾಡ್ತಿದ್ದ."

"ಅವನು ನಿನಗೆ ಯಾವತ್ತಾದ್ರೂ ಹಾಗೆ ಅಂದಿದ್ನಾ?"

ಕ್ಲೆಲ್ ಯೋಚಿಸಿದ. ನಿಜವಾಗಿಯೂ ಯೋಚಿಸಿದ, ಅದು ಅವನ ಮುಖದಲ್ಲಿ ಕಾಣುತ್ತಿತ್ತು.

"ಕೋಳಿ ಸತ್ತೇ ಹೋದ್ವು ಅಂದುಕೊಂಡು ಹೋದ ನಮ್ಮಪ್ಪ," ಅಂದಳು ವರ್ನಾ. "ಕಳೆದ ವಸಂತ ಬಂದೂಕು ಎತ್ತಲೇ ಇಲ್ಲ. ಉಳಿದದ್ದು ಇದ್ರೆ ಬದುಕಿಕೊಳ್ಳಲಿ ಬಿಡು ಅಂದ. ಜಗಲಿ ಮೇಲೆ ಕೂತು ಗುಡ್ಡ ನೋಡ್ತಿದ್ದ, ಬೆಳಗಿಂದ ಸಂಜೆವರೆಗೆ. ನೀನು ಬಂದು ಪಕ್ಕದಲ್ಲಿ ಕೂತು ಕಾಫಿ ಕುಡಿದು ಹೋಗ್ತಿದ್ದೆ."

ಕ್ಲೆಲ್ ಟೋಪಿಯನ್ನು ತಲೆಗೆ ಇಟ್ಟು, ಸರಿಮಾಡಿಕೊಂಡು, ಅವರೆಲ್ಲರ ನಡುವೆಯೇ ಹಾದು ತನ್ನ ಟ್ರಕ್ಕಿನ ಕಡೆ ನಡೆದ. ಕೆಸರಲ್ಲಿ ಚಕ್ರ ಒಂದೆರಡು ಸಲ ಸುಮ್ಮನೆ ತಿರುಗಿತು. ತಳ್ಳಲು ಯಾರೂ ಹೋಗಲಿಲ್ಲ. ಆಮೇಲೆ ಹಿಡಿತ ಸಿಕ್ಕು ಟ್ರಕ್ಕು ರಸ್ತೆಗೆ ಹತ್ತಿತು. ತಿರುವಿನಲ್ಲಿ ಒಂದು ಸಲ ನಿಂತ ಹಾಗೆ ಕಂಡಿತು. ನಿಲ್ಲಲಿಲ್ಲ.

ಪಾದ್ರಿ ಸ್ವಲ್ಪ ಹೊತ್ತು ಕಾಯೋಣವಾ ಅಂತ ಕೇಳಿದರು. ಕಾದರು. ಕ್ಲೆಲ್ ಬರಲಿಲ್ಲ.

ರಾಯ್ಸ್ ಮೊದಲು ಒಳಗೆ ಹೋಗಿ ಪೆಟ್ಟಿಗೆಯ ತಲೆಕಡೆಯ ಹಿಡಿಕೆ ಹಿಡಿದ. ಉಳಿದವರೂ ಬಂದರು. ಕ್ಲೆಲ್ ಹಿಡಿಯಬೇಕಿದ್ದ ಎಡಗಡೆ ನಡುವಿನ ಹಿಡಿಕೆ ಖಾಲಿ. ಪಾದ್ರಿ ಕೋಟು ಕಳಚಿ ಅದಕ್ಕೆ ಕೈ ಹಾಕಲು ಬಂದರು.

"ಬೇಡ ಫಾದರ್," ಅಂದಳು ವರ್ನಾ. "ಬಿಡಿ. ಅದು ಅವನ ಜಾಗ."

ಐವರೇ ಎತ್ತಿದರು. ಗುಡ್ಡದ ದಾರಿ ಜಾರುತ್ತಿತ್ತು. ಪೆಟ್ಟಿಗೆ ಎಡಕ್ಕೆ ವಾಲಿಕೊಂಡೇ ಹತ್ತಿತು, ಯಾರೂ ಹಿಡಿಯದ ಹಿತ್ತಾಳೆಯ ಹಿಡಿಕೆ ಒಂದೊಂದು ಹೆಜ್ಜೆಗೂ ಮರಕ್ಕೆ ತಾಗಿ ಸದ್ದು ಮಾಡುತ್ತ.